ಬೆಲ್ಟಿನ ಮೋಟರು, ದೋಸ್ತ ಮತ್ತು ದನದ ಡಾಕ್ಟ್ರು

ವಿಜಯಪುರದಲ್ಲಿ ನನ್ನದು ಪ್ರಿಂಟರ್ ರಿಪೇರಿ ಅಂಗಡಿ. ಸತ್ತ ಪ್ರಿಂಟರುಗಳ ಹೊಟ್ಟೆಯಿಂದ ತೆಗೆದ ಹಲ್ಲಿನ ಬೆಲ್ಟುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದೆ. ಬಬಲೇಶ್ವರದಲ್ಲಿ ಲೇಥ್ ಇಟ್ಟುಕೊಂಡಿರುವ ನನ್ನ ದೋಸ್ತ, ಐಟಿಐಯಲ್ಲಿ ನನ್ನ ಬೆಂಚಿನಲ್ಲೇ ಕೂತು ಕಲಿತವನು, ಒಂದು ಭಾನುವಾರ ಆ ಡಬ್ಬಿಯಲ್ಲಿ ಕೈಯಾಡಿಸುತ್ತ, "ಇವನ್ನ ನೀರಿಗಿ ಇಳಿಸಿದ್ರ ಹೆಂಗಲೇ?" ಎಂದ.

ರಿಮೋಟಿನಿಂದ ಓಡುವ ಮೊಳದುದ್ದದ ರೇಸ್ ದೋಣಿಗಳ ಹುಚ್ಚು ನಮಗೆ ಆಗಲೇ ಹತ್ತಿತ್ತು. ಅಂಥ ದೋಣಿಯ ಮೋಟರು ಹಿಂಬದಿಗೆ, ಹೊರಗೆ ತೂಗಿಕೊಂಡಿರುತ್ತದೆ. ಮೇಲಿನ ಮೋಟರಿನ ತಿರುಗಾಟವನ್ನು ನೀರೊಳಗಿನ ಪಂಖಕ್ಕೆ ಮುಟ್ಟಿಸಲು ಎಲ್ಲರೂ ಬಾಗುವ ಉಕ್ಕಿನ ತಂತಿ ಹಾಕುತ್ತಾರೆ. ನಾವು ಹಿಟ್ಟಿನ ಗಿರಣಿಯವರ ಹಾಗೆ ಯೋಚಿಸಿದೆವು: ಮೇಲೊಂದು ಗಾಲಿ, ಕೆಳಗೊಂದು ಗಾಲಿ, ನಡುವೆ ಬೆಲ್ಟು. ಆ ಬೆಲ್ಟು ಓಡಾಡುವ ತೆಳ್ಳನೆಯ ಅಲ್ಯುಮಿನಿಯಮ್ ಗೂಡಿಗೆ ನಾವು ಕಾಲು ಎನ್ನುತ್ತಿದ್ದೆವು. ಕಾಲು ಅವನದು, ಬೆಲ್ಟು ನನ್ನದು. ಬಿಗಿಯಾದರೆ ಬೇರಿಂಗು ಕಾದು ಬ್ಯಾಟರಿ ಬೇಗ ಇಳಿಯುತ್ತಿತ್ತು, ಸಡಿಲಾದರೆ ಹಲ್ಲು ಹಾರುತ್ತಿತ್ತು. ಹೆಬ್ಬೆರಳಿನಿಂದ ಒತ್ತಿ ನೋಡಿ ನಾನು ಹೂಂ ಅನ್ನುವವರೆಗೆ ಅವನು ನಟ್ಟು ಬಿಗಿಯುತ್ತಿರಲಿಲ್ಲ. ತಿಕೋಟಾದಲ್ಲಿ ಅವನ ಸೋದರಮಾವನ ದ್ರಾಕ್ಷಿ ತೋಟದ ಹೊಂಡವೇ ನಮ್ಮ ಸಮುದ್ರ. ನಮ್ಮ ಮೊದಲ ದೋಣಿ ಅಲ್ಲಿ ಚೀರುತ್ತ ಓಡಿದಾಗ ಇಬ್ಬರೂ ಏರಿಯ ಮೇಲೆ ಕುಣಿದಿದ್ದೆವು.

ಆಮೇಲೆ ಡಾಕ್ಟ್ರು ಬಂದರು. ಬಬಲೇಶ್ವರದ ದನದ ದವಾಖಾನೆಗೆ ಕರಾವಳಿಯಿಂದ ವರ್ಗವಾಗಿ ಬಂದವರು. ಯಾವುದೋ ಮುರಿದ ಹಿಡಿಕೆಯ ಕೆಲಸಕ್ಕೆಂದು ಲೇಥಿಗೆ ಹೋದವರ ಕಣ್ಣಿಗೆ ನಮ್ಮ ಮೋಟರು ಬಿತ್ತಂತೆ. ಹಿಡಿಕೆ ಮರೆತು ಸಂಜೆಯವರೆಗೆ ಅಲ್ಲೇ ಕೂತರಂತೆ. ಇದನ್ನೆಲ್ಲ ದೋಸ್ತ ಫೋನಿನಲ್ಲಿ ಹೇಳುವಾಗ ಅವನ ದನಿಯಲ್ಲಿ ಹೊಸ ಉತ್ಸಾಹವಿತ್ತು. ನನಗೆ ಅದು ಆಗಲೇ ಸೇರಲಿಲ್ಲ.

ಮುಂದಿನ ಭಾನುವಾರ ಹೋದಾಗ ನಾನು ಯಾವಾಗಲೂ ಕೂರುತ್ತಿದ್ದ ಸ್ಟೂಲಿನ ಮೇಲೆ ಅವರು ಕೂತಿದ್ದರು. ಬಹಳ ಮರ್ಯಾದೆಯ ಮನುಷ್ಯ. ಎದ್ದು ನಿಂತು, "ಬನ್ನಿ ಬನ್ನಿ, ಬೆಲ್ಟಿನ ಕೆಲಸ ನಿಮ್ಮದಂತೆ, ಬಹಳ ಚೆನ್ನಾಗಿದೆ" ಎಂದರು. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಬೆಲ್ಟಿನ ಜೊತೆ ನೀರು ಮೇಲೇರಿ ಮೋಟರಿಗೆ ಸಿಡಿಯುತ್ತಿದ್ದುದು ನಮಗೆ ದೊಡ್ಡ ತಲೆನೋವಾಗಿತ್ತು. ಅವರು ದನದ ಇಂಜೆಕ್ಷನ್ ಸಿರಿಂಜಿನಲ್ಲಿ ಗ್ರೀಸು ತುಂಬಿ, ಸಂದಿಗೆ ಒಂದಿಷ್ಟು ಒತ್ತಿ, ಮೇಲೊಂದು ರಬ್ಬರಿನ ತುಂಡು ಕೂರಿಸಿದರು. ನೀರು ಬಹುಮಟ್ಟಿಗೆ ನಿಂತಿತು. ದೋಸ್ತ ನನ್ನ ಭುಜ ತಟ್ಟಿ, "ನೋಡಿದ್ಯಾ? ನಮಗ ಯಾಕ ಹೊಳೀಲಿಲ್ಲೋ ಇದು!" ಎಂದ. ನಾನು ನಕ್ಕೆ. ಬಸ್ಸಿನಲ್ಲಿ ವಾಪಸು ಬರುವಾಗ ಸಾರವಾಡ ದಾಟಿದರೂ ನನಗೆ ಆ ರಬ್ಬರಿನ ತುಂಡಿನದೇ ಚಿಂತೆ.

ಅಲ್ಲಿಂದ ಅವನ ಮಾತು ಮಾತಿಗೂ "ಡಾಕ್ಟ್ರು ಹೇಳ್ಯಾರ" ಬರತೊಡಗಿತು. ಕಾಲನ್ನು ಅಲ್ಯುಮಿನಿಯಮ್ಮಿನಲ್ಲಿ ಮಾಡುವುದು ಬೇಡ, ಕಂಪ್ಯೂಟರಿನಲ್ಲಿ ಚಿತ್ರ ಬರೆದು ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿಸೋಣ, ಡಾಕ್ಟ್ರು ಹೇಳ್ಯಾರ. ಒಂದು ದಿನ ಅವನು ಫೋನಿನಲ್ಲಿ ಕಳಿಸಿದ ವಿಡಿಯೋ ನೋಡಿದೆ. ಭೂತನಾಳ ಕೆರೆ, ಕರಿಯ ಕಾಲಿನ ಹೊಸ ದೋಣಿ, ಪಕ್ಕದಲ್ಲಿ ಡಾಕ್ಟ್ರ ನಗು. ಭೂತನಾಳ ನನ್ನ ಅಂಗಡಿಯಿಂದ ಕೂಗಳತೆಯಲ್ಲಿದೆ ಅನ್ನಬೇಕು, ಅಷ್ಟು ಹತ್ತಿರ. ತಕ್ಷಣ ಫೋನ್ ಮಾಡಿದೆ.

"ನನ್ನ ಯಾಕ ಕರೀಲಿಲ್ಲ?"

"ನೀ ಅಂಗಡ್ಯಾಗ ಗಿರಾಕಿ ಕೂಡ ಇರ್ತಿ ಅಂತ ಬಿಟ್ಟೆ ಮಾರಾಯಾ. ಅದಕ್ಕ ವಿಡಿಯೋ ಕಳಿಸೇನಲ್ಲ?"

ಆ ದಿನ ಊಟಕ್ಕೆ ಕೂತಾಗ ಹೆಂಡತಿ ನನ್ನ ಮುಖ ನೋಡಿ, "ಏನ್ರಿ ಇದು, ಮನಿಗಿ ಸವತಿ ಬಂದಂಗ ಮಾಡಾಕತ್ತೀರಿ?" ಎಂದಳು. ನಗಿಸಲು ಹೇಳಿದ ಮಾತು. ನಾನು ಅರ್ಧಕ್ಕೇ ಕೈ ತೊಳೆದು ಎದ್ದೆ.

ನಾನೊಬ್ಬನೇ ಒಂದು ಮೋಟರು ಮಾಡುವೆನೆಂದು ಹಟಕ್ಕೆ ಬಿದ್ದೆ. ಕಾಲನ್ನು ವಿಜಯಪುರದ ಬೇರೊಂದು ಲೇಥಿನಲ್ಲಿ ಮಾಡಿಸಿದೆ, ದೋಸ್ತನಿಗೆ ನೋವಾಗಲಿ ಅಂತಲೇ. ಬೆಲ್ಟುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಬಗ್ಗಿಸಿ ನೋಡಿ, ಹಲ್ಲುಗಳ ಬುಡದಲ್ಲಿ ಬಿರುಕಿಲ್ಲದ ಒಂದನ್ನು ಆರಿಸಿದೆ. ಆಮೇಲೆ ತಿಕೋಟಾದ ಹೊಂಡದಲ್ಲಿ ಒಂದು ಪಂದ್ಯವಾಗಲಿ ಎಂದು ಅವರಿಬ್ಬರಿಗೂ ಹೇಳಿ ಕಳಿಸಿದೆ.

ಪಂದ್ಯದ ದಿನ ದೋಸ್ತ ನನ್ನ ಮೋಟರನ್ನು ಕೈಗೆತ್ತಿಕೊಂಡು ಸುತ್ತ ತಿರುಗಿಸಿ ನೋಡಿದ.

"ಯಾರ ಕಡೆ ಮಾಡಿಸಿದಿ ಇದನ್ನ? ಅಂಚು ಹಂಗ ಬಿಟ್ಟಾನಲ್ಲೋ, ನೀರು ಹಿಡಿತೈತಿ."

ನೋವಿನ ಗುರುತು ಮುಖದಲ್ಲಿತ್ತೋ ಇಲ್ಲವೋ, ನನಗೆ ತಿಳಿಯಲಿಲ್ಲ. ಅವನು ಸಾಮಾನಿನ ಚೀಲದಿಂದ ಅರ ತೆಗೆದು, ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ತನ್ನ ಎದುರಾಳಿಯ ಮೋಟರಿನ ಅಂಚನ್ನು ಸವರಿ ನುಣುಪು ಮಾಡಿ ಕೊಟ್ಟ.

ನೀರಲ್ಲಿ ಎರಡು ಖಾಲಿ ಡಬ್ಬಿ ತೇಲಿಬಿಟ್ಟು ಅವುಗಳ ಸುತ್ತ ಓಡಿಸಿದೆವು. ಅವರ ಕರಿಯ ಕಾಲು ಕತ್ತಿಯ ಹಾಗೆ ನೀರು ಸೀಳುತ್ತಿತ್ತು. ನನ್ನ ದೋಣಿ ಆಗಲೇ ಒಂದು ತಿರುವಿನಷ್ಟು ಹಿಂದೆ ಬಿತ್ತು. ಅಷ್ಟರಲ್ಲಿ ಅವರ ಮೋಟರು ಬರಿದೇ ಕಿರುಚಿತು, ದೋಣಿ ನಡುನೀರಲ್ಲಿ ನಿಂತಿತು. ನನ್ನದು ಸುತ್ತು ಮುಗಿಸಿ ದಡಕ್ಕೆ ಬಂತು. ಗೆದ್ದೆ. ತಿರುಗಿ ನೋಡಿದರೆ, ದೋಸ್ತನ ಸೋದರಮಾವ ಒಬ್ಬನೇ ಚಪ್ಪಾಳೆ ತಟ್ಟುತ್ತಿದ್ದ. ಅವರಿಬ್ಬರೂ ಹಗ್ಗಕ್ಕೆ ಕೊಕ್ಕೆ ಕಟ್ಟಿ ಎಸೆದು ದೋಣಿಯನ್ನು ಎಳೆದುಕೊಳ್ಳುತ್ತ, ಹೊಂಡದ ಅಂಚಿಗೆ ಹಾಸಿದ ಪ್ಲಾಸ್ಟಿಕ್ಕಿನ ಮೇಲೆ ಜಾರಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ಬಿದ್ದು ಬಿದ್ದು ನಗುತ್ತಿದ್ದರು. ಸೋತವರಿಗೆ ಅಷ್ಟು ಸುಖ. ಗೆದ್ದ ದೋಣಿ ಹಿಡಿದುಕೊಂಡು ನಾನು ಒಬ್ಬನೇ ನಿಂತಿದ್ದೆ. ಅಷ್ಟು ಹೊಟ್ಟೆಕಿಚ್ಚು ಸೋತಿದ್ದರೂ ಆಗುತ್ತಿರಲಿಲ್ಲ.

ಡಾಕ್ಟ್ರು ಹಲ್ಲು ಬೋಳಾದ ಬೆಲ್ಟು ಹಿಡಿದು ನೇರ ನನ್ನ ಹತ್ತಿರ ಬಂದರು. "ಇದು ಯಾಕೆ ಹೀಗಾಯಿತು? ನೀವೇ ಹೇಳಬೇಕು" ಎಂದರು. ಪ್ಲಾಸ್ಟಿಕ್ ಕಾಲು ಎಳೆತಕ್ಕೆ ಬಾಗುತ್ತದೆ, ಬಾಗಿದಾಗ ಬೆಲ್ಟು ಸಡಿಲಾಗಿ ಹಲ್ಲು ಹಾರಿದೆ ಎಂದೆ. ಒಳಗೆ ಅಲ್ಯುಮಿನಿಯಮ್ಮಿನ ಪಟ್ಟಿ ಕೂರಿಸಬೇಕೆಂದೂ ಹೇಳಿದೆ. ಮುಚ್ಚಿಡಲು ಮನಸ್ಸಾಗಿತ್ತು, ಆದರೆ ಹಸಿ ಬೆಲ್ಟು ಬೆರಳಿಗೆ ಸಿಕ್ಕ ಮೇಲೆ ಬಾಯಿ ತಾನಾಗಿ ಆಡಿತು. ದೋಸ್ತ ಅವರ ಕಡೆ ತಿರುಗಿ, "ನಾ ಹೇಳಿದ್ನೆಲ್ರಿ ಸಾಹೇಬ್ರ, ಅಂವಗ ಬೆಲ್ಟಿನ ನಾಡಿ ಗೊತ್ತೈತಿ ಅಂತ!" ಎಂದ. ನನ್ನ ಎದುರು ಎಂದೂ ಆಡದ ಮಾತು. ನಾನಿಲ್ಲದಾಗ ಆಡಿದ್ದ.

ಆಮೇಲಿನ ಮೋಟರುಗಳನ್ನು ಮೂವರೂ ಸೇರಿ ಮಾಡಿದೆವು. ಚೆನ್ನಾಗಿಯೇ ಓಡಿದವು. ಕಿಚ್ಚು ಆರಿತೆಂದು ಹೇಳಿದರೆ ಸುಳ್ಳಾದೀತು. ಈ ವರ್ಷ ಡಾಕ್ಟ್ರಿಗೆ ಮತ್ತೆ ಅವರ ಕಡೆಗೇ ವರ್ಗವಾಯಿತು. ಬೀಳ್ಕೊಡುವಾಗ ದೋಸ್ತ ಕಣ್ಣೊರೆಸಿಕೊಂಡ. ನನಗೆ ಎದೆಯಿಂದ ಭಾರ ಇಳಿದ ಹಾಗಿತ್ತು. ಈಗ ಇಬ್ಬರೇ. ಆದರೂ ಹೊಸ ಮೋಟರು ತಿರುಗಿದ ಕೂಡಲೇ ಅವನು ಮೊದಲು ಫೋಟೋ ತೆಗೆದು ಅವರಿಗೆ ಕಳಿಸುತ್ತಾನೆ.

ಕಳೆದ ಭಾನುವಾರ ತಿಕೋಟಾದಲ್ಲಿ ದೋಣಿ ಹಿಂದೆಂದೂ ಓಡದಷ್ಟು ಜೋರಾಗಿ ಓಡಿತು. ಅವನು ನೀರನ್ನೇ ನೋಡುತ್ತ, "ಡಾಕ್ಟ್ರು ಇರಬೇಕಿತ್ತಲೇ" ಎಂದ.

"ಹೂಂ, ಇರಬೇಕಿತ್ತು" ಎಂದೆ. ಅರ್ಧ ಮನಸ್ಸಿನಿಂದ ಹೇಳಿದ್ದು. ಅರ್ಧವಾದರೂ ನಿಜವಿತ್ತಲ್ಲ ಎಂದು ನನಗೇ ಆಶ್ಚರ್ಯವಾಯಿತು.