ಅಕ್ಕ ಮಾಡಿಕೊಟ್ಟ ಪಟ್ಟಿ

ಪಕ್ಕದ ಮನೆಯಲ್ಲಿ ಯಾರೋ ಕರ್ಪೂರ ಹಾಕಿ ಕೊಬ್ಬರಿ ಎಣ್ಣೆ ಕಾಯಿಸುತ್ತಿದ್ದರು. ಆ ವಾಸನೆ ಕಿಟಕಿಯಿಂದ ಬಂದದ್ದೇ ತಡ, ನನ್ನ ವಾರಗಿತ್ತಿ ನೆನಪಾದರು. ಭಾವನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ.

ಆಗ ಚನ್ನರಾಯಪಟ್ಟಣದ ಮನೆಯಲ್ಲಿ ಎಲ್ಲರೂ ಒಟ್ಟಿಗಿದ್ದೆವು. ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ನನಗೆ ಐದು ತಿಂಗಳು. ಅದಕ್ಕೆ ಮುಂಚೆ ಒಂದು ಬಸಿರು ನಿಂತಿರಲಿಲ್ಲ. ಭಾವನಿಗೆ ಅರಕಲಗೂಡಿಗೆ ವರ್ಗವಾಗಿದ್ದರೂ ಅತ್ತೆಗೋಸ್ಕರ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಅತ್ತೆಯ ಆರೈಕೆಯನ್ನೆಲ್ಲ ಅಕ್ಕ ಮೊಬೈಲಿನ ಒಂದು ಆ್ಯಪ್‌ನಲ್ಲಿ ಹೊತ್ತು ಹೊತ್ತಿಗೆ ಬೇರೆ ಮಾಡಿ ಬರೆದರು. ನನ್ನ ಫೋನಿಗೂ ಹಾಕಿಕೊಟ್ಟರು.

“ಫಿಲ್ಟರ್ ಹಾಕಿವ್ನಿ ಕಣೆ. ನಿನ್ ಕೆಲ್ಸ ಅಷ್ಟೇ ಕಾಣ್ತದೆ. ಬ್ಯಾರೇದ್ಕೆ ತಲೆ ಕೆಡಿಸ್ಕಬ್ಯಾಡ.”

ಆ ಮಾತೇ ನನ್ನ ತಲೆ ಕೆಡಿಸಿತು. ನಾನು ನೋಡಬಾರದ್ದು ಏನಿದೆ ಅದರಲ್ಲಿ?

ಬೆಳಗ್ಗೆ ಗಂಜಿ ಕುಡಿಸುವುದು, ಮಾತ್ರೆ, ಮೈ ಒರೆಸಿ ಬೆನ್ನಿಗೆ ಕರ್ಪೂರದ ಎಣ್ಣೆ ಹಚ್ಚುವುದು... ನಾನು ಟಿಕ್ ಹಾಕಿ ಮುಗಿಸುವಷ್ಟರಲ್ಲಿ ಅಕ್ಕ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದರು. ಹತ್ತು ಗಂಟೆಗೆ! ರಾತ್ರಿ ಅವರು ಅತ್ತೆಯ ಕೋಣೆಯಲ್ಲೇ ಮಲಗುತ್ತಿದ್ದರು. ಅಲ್ಲಿಯ ಫ್ಯಾನು ಚೆನ್ನಾಗಿದೆಯಲ್ಲ, ಅದಕ್ಕೇ ಎಂದುಕೊಂಡಿದ್ದೆ.

ಒಮ್ಮೆ ಹಿಂದಿನಿಂದ ಅವರ ಫೋನು ಇಣುಕಿದೆ. ಉದ್ದದ ಪಟ್ಟಿ, ನಡುವೆ ನನ್ನ ಹೆಸರು. ನನ್ನ ಸುಳಿವು ಸಿಕ್ಕಿ ಅವರು ಫೋನು ಮಗುಚಿಟ್ಟರು. ನನ್ನ ತಪ್ಪುಗಳನ್ನು ಬರೆದಿಟ್ಟುಕೊಳ್ಳುತ್ತಿದ್ದಾರೆ ಎಂದು ಖಾತ್ರಿಯಾಯಿತು. ಪರೀಕ್ಷಿಸೋಣವೆಂದು ಒಂದು ದಿನ ಎಣ್ಣೆ ಹಚ್ಚದೆಯೇ ಟಿಕ್ ಹಾಕಿದೆ. ಸಂಜೆ ನೋಡಿದರೆ ಅತ್ತೆಯ ಬೆನ್ನಿಗೆ ಎಣ್ಣೆ ಬಿದ್ದಿತ್ತು. ಅಕ್ಕ ನನ್ನನ್ನು ಏನೂ ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೇ ನನಗೆ ಇನ್ನಷ್ಟು ಅನುಮಾನ.

ಒಂದು ಭಾನುವಾರ ಊಟಕ್ಕೆ ಕೂತಾಗ ಎಲ್ಲರ ಮುಂದೆ ಅಂದುಬಿಟ್ಟೆ. “ಕೆಲ್ಸ ಎಲ್ಲ ನಂಗೆ. ನಿಮ್ದು ಪಟ್ಟಿ ಬರಿಯೋದು, ಮನಿಕ್ಕಳದು.”

ಅಕ್ಕ ಅನ್ನದ ಕೈ ಎತ್ತಲಿಲ್ಲ. “ಅಂಗನ್ಸ್ತಾ ನಿಂಗೆ?” ಅಂದರು, ಅಷ್ಟೇ.

ವಾರದೊಳಗೆ ಅಕ್ಕ, ಭಾವ ಇಬ್ಬರೂ ಅರಕಲಗೂಡಿಗೆ ಮನೆ ಮಾಡಿಕೊಂಡು ಹೋದರು. ಮಾರನೆಯ ಬೆಳಗ್ಗೆ ಅತ್ತೆಯ ಹಾಸಿಗೆಯೆಲ್ಲ ಒದ್ದೆ, ಸೊಂಟದ ಹತ್ತಿರ ಚರ್ಮ ಕೆಂಪಗಾಗಿತ್ತು. ಹಿಂದೆಂದೂ ಹಾಗೆ ಆಗಿರಲಿಲ್ಲ. ಗಾಬರಿಯಿಂದ, ಪಟ್ಟಿಯಲ್ಲಿ ಏನಿದೆ ನೋಡಿ ಎಂದು ಗಂಡನಿಗೆ ನನ್ನ ಫೋನು ಕೊಟ್ಟೆ. ಅವರು ಫಿಲ್ಟರ್ ತೆಗೆದರು.

ರಾತ್ರಿ ಹನ್ನೊಂದಕ್ಕೆ ಮಗ್ಗಲು ಬದಲಿಸುವುದು. ಒಂದಕ್ಕೆ, ಮೂರಕ್ಕೆ ಮತ್ತೆ. ನಾಲ್ಕೂವರೆಗೆ ಬಟ್ಟೆ ಬದಲಿಸಿ ಒಗೆಯುವುದು. ಎಲ್ಲದರ ಮುಂದೆಯೂ ಅಕ್ಕನ ಹೆಸರು, ಎಲ್ಲಕ್ಕೂ ಟಿಕ್ಕು. ನನ್ನ ಹೆಸರಿದ್ದ ಸಾಲೂ ಸಿಕ್ಕಿತು: ‘ರಾತ್ರಿ ಅವಳನ್ನ ಎಬ್ಬಿಸಬಾರದು.’

ಅವತ್ತೇ ಅರಕಲಗೂಡಿಗೆ ಹೋಗಬಹುದಿತ್ತು. ಯಾವ ಮುಖ ಇಟ್ಟುಕೊಂಡು ಹೋಗಲಿ... ಮಗಳು ಹುಟ್ಟಿದಳು, ಅತ್ತೆ ಹೋದರು. ಅಕ್ಕ ಎರಡಕ್ಕೂ ಬಂದು ಮಾಡುವುದನ್ನೆಲ್ಲ ಮಾಡಿ ಹೋದರು. ಆ ಮಾತು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

ಹೋದ ತಿಂಗಳು ಜ್ವರ ಅಂತ ಮಲಗಿದ ಅಕ್ಕ ಏಳಲಿಲ್ಲ. ತಿಥಿಯ ದಿನ ಭಾವನಿಗೆ ಎಲ್ಲ ಹೇಳಿಕೊಂಡು ಕಣ್ಣೀರು ಹಾಕಿದೆ.

“ಅವ್ಳಿಗೆ ನಿನ್ ಮ್ಯಾಲೆ ಕ್ವಾಪ ಇರ್ಲಿಲ್ಲ ಕಣಮ್ಮ,” ಅಂದರು ಭಾವ, ಎತ್ತಲೋ ನೋಡುತ್ತಾ.

ನಿಜವಾಗಿಯೂ ಇರಲಿಲ್ಲವೋ, ನನ್ನ ಸಮಾಧಾನಕ್ಕೆ ಅಂದರೋ. ಅಲ್ಲಿಂದ ಬಂದ ಮೇಲೂ ಅದನ್ನೇ ಯೋಚಿಸುತ್ತೇನೆ. ಕೇಳಿ ತಿಳಿಯೋಣವೆಂದರೆ ಅಕ್ಕ ಇಲ್ಲ.