ವೆನಾನ್ಸಿಯೊ ಸರ್ ಅವರ ಕೆಂಪು ಬಳಪ

ಪ್ರತಿ ಚಂಡಮಾರುತ ಹೋದ ಎಂಟನೆಯ ದಿನಕ್ಕೆ ಸರಿಯಾಗಿ ನಮ್ಮ ಕತಂದುವಾನೆಸ್ ದ್ವೀಪದ ಹಳ್ಳಿಗೆ ವೆನಾನ್ಸಿಯೊ ಸರ್ ಬರುತ್ತಾರೆ. ರೈತರಿಗೆ ಕಷ್ಟ ತಾಳಿಕೊಳ್ಳುವುದನ್ನು ಕಲಿಸುವುದು ಅವರ ಉದ್ಯೋಗ. ಒದ್ದೆ ಭತ್ತ ಹರವಬೇಕಾದ ಅಂಗಳದಲ್ಲಿ ಅವರ ದೊಡ್ಡ ಕಾಗದ ಹರಡಿಕೊಳ್ಳುತ್ತದೆ. ನಾವು ನಮ್ಮದೇ ಊರನ್ನು ಅದರಲ್ಲಿ ಬರೆದು ತೋರಿಸಬೇಕು, ಅವರು ಅಪಾಯದ ಮನೆಗಳಿಗೆ ಕೆಂಪು ಬಳಿಯಬೇಕು, ಎಲ್ಲರೂ ಚಪ್ಪಾಳೆ ತಟ್ಟಬೇಕು. "ಈ ಸಲದ ಗಾಳಿ ನಿಮಗೇನು ಕಲಿಸ್ತು?" ಎಂದು ಕೇಳುತ್ತಾರೆ. "ಸೂರಿಗೆ ರೆಕ್ಕೆ ಇದೆ ಅಂತ ಕಲಿಸ್ತು ಸರ್," ಎಂದ ನನ್ನ ಗೆಳೆಯ ಪ್ಲಾಸಿಡೊ. ಅದನ್ನೂ ಬರೆದುಕೊಂಡರು. ಹೊಳೆದಂಡೆಯ ಅವನ ಬಿದಿರುಮನೆಗೆ ಮೂರು ವರ್ಷ, ಮೂರು ಸಲ ಕೆಂಪು ಬಿತ್ತು. ನಮ್ಮಲ್ಲಿ ಮನೆಯನ್ನೇ ಬಿದಿರುಗಳ ಮೇಲೆ ಎತ್ತಿ ಹೆಗಲಲ್ಲಿ ಹೊತ್ತು ಸಾಗಿಸುತ್ತೇವೆ. ಇಪ್ಪತ್ತು ಜನ, ಒಂದು ಬೆಳಗು ಸಾಕು. "ದಿಬ್ಬಕ್ಕೆ ಎತ್ತೇಬಿಡೋಣ್ವಾ ಸರ್?" ಎಂದರೆ, "ಅಯ್ಯೋ ತಡೀರಪ್ಪಾ, ಯೋಜನೆಗೆ ಒಪ್ಪಿಗೆ ಸಿಗ್ಲಿ. ಈಗ್ಲೇ ಎತ್ತಿದ್ರೆ ನಕ್ಷೆ ತಪ್ಪಾಗುತ್ತೆ" ಎಂದರು. ನಾವೂ ತಡೆದೆವು. ನಕ್ಷೆ ತಪ್ಪಾಗಲಿಲ್ಲ, ನವೆಂಬರಿನ ಚಂಡಮಾರುತದಲ್ಲಿ ಹೊಳೆ ಕೆಂಪು ಬಳಿದಲ್ಲಿಗೇ ಬಂದು ಪ್ಲಾಸಿಡೊನನ್ನು ಮನೆಸಮೇತ ಒಯ್ದಿತು. ಎಂಟನೆಯ ದಿನ ಸರ್ ಬಂದರು, ಕಾಗದವಿಲ್ಲದೆ. ಕೆಂಪು ಬಿದ್ದೂ ಉಳಿದಿದ್ದ ನೆನಿತಾ ಅಜ್ಜಿಯ ಮನೆಯಡಿ ನಾವು ಬಿದಿರು ಕಟ್ಟುತ್ತಿದ್ದೆವು. ಬೂಟು ಕಳಚಿ, ಯಾರನ್ನೂ ಕೇಳದೆ ಬಂದು ಹೆಗಲು ಕೊಟ್ಟರು. ಗಿಡ್ಡ ಮನುಷ್ಯ; ಬಿದಿರು ಅವರ ಹೆಗಲಿಗೆ ತಾಕಲೇ ಇಲ್ಲ. ದಿಬ್ಬದವರೆಗೂ ತುದಿಗಾಲಲ್ಲೇ ನಡೆದರು. ಯಾರೂ ನಗಲಿಲ್ಲ. ಪ್ಲಾಸಿಡೊ ಇದ್ದಿದ್ದರೆ ನಗುತ್ತಿದ್ದ, ಅವರನ್ನು ನೋಡಿ, ನಮ್ಮನ್ನೂ ನೋಡಿ.