ಮೊಣಕಾಲು ನೋವಿನ ವೀರ

ಆ ಭಾನುವಾರ ಬೆಳಿಗ್ಗೆ ನಮ್ಮ ಊಟದ ಮೇಜಿನ ಮೇಲೆ ಒಬ್ಬ ವೀರ ಅರ್ಧ ತಯಾರಾಗಿದ್ದ.

ಮಗಳು ಒಂಬತ್ತನೇ ಕ್ಲಾಸು. ಸಕಲೇಶಪುರದ ಶಾಲೆಯಲ್ಲಿ ಅವಳಿಗೂ ಅವಳ ಗೆಳತಿಯರಿಗೂ ಹತ್ತಿದ ಹುಚ್ಚು ಅದು. ದಾಳ ಉರುಳಿಸುತ್ತಾ, ಬಾಯಲ್ಲೇ ಕಥೆ ಕಟ್ಟುತ್ತಾ ಆಡುವ ಆಟ. ಪ್ರತಿಯೊಬ್ಬರೂ ಒಂದು ಪಾತ್ರ ಮಾಡಿಕೊಳ್ಳಬೇಕು, ಆ ಪಾತ್ರಕ್ಕೊಂದು ಕಸುಬು ಇರಬೇಕು. ಕಸುಬಿಗೆ ಅವರು ಕ್ಲಾಸ್ ಅನ್ನುತ್ತಾರೆ. ಕತ್ತಿ ಹಿಡಿದು ಪಳಗಿದವನು ಫೈಟರ್, ಕಾಡು ಬಲ್ಲವನು ರೇಂಜರ್, ಸಿಟ್ಟನ್ನೇ ಆಯುಧ ಮಾಡಿಕೊಂಡವನು ಬಾರ್ಬೇರಿಯನ್, ವ್ರತ ಹಿಡಿದು ಹೋರಾಡುವವನು ಪಾಲಡಿನ್. ಇಪ್ಪತ್ತು ಮುಖದ ಒಂದು ನೀಲಿ ದಾಳ ನಮ್ಮ ಮನೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತದೆ. ಒಮ್ಮೆ ಸಾಸಿವೆ ಡಬ್ಬಿಯಲ್ಲೂ ಸಿಕ್ಕಿತ್ತು.

ಮುಂದಿನ ಆಟಕ್ಕೆ ಎಲ್ಲರೂ ತಮ್ಮ ತಮ್ಮ ಊರಿನ ವೀರನನ್ನು ತರಬೇಕೆಂದು ಅವರಲ್ಲಿ ಮಾತಾಗಿತ್ತು. ನಮ್ಮವಳಿಗೆ ಹುಡುಕುವ ಕಷ್ಟವಿರಲಿಲ್ಲ. ತೋಟದ ಮೇಲಿನ ಬ್ಲಾಕಿನಲ್ಲಿ, ಹಲಸಿನ ಮರದ ಬುಡದಲ್ಲಿ, ಸೊಂಟದೆತ್ತರದ ಒಂದು ವೀರಗಲ್ಲಿದೆ. ಕೆಳಗಿನ ಸಾಲಿನಲ್ಲಿ ಕತ್ತಿ ಎತ್ತಿದ ಒಬ್ಬ ಮನುಷ್ಯ, ಅವನೆದುರು ಆನೆ. ಮೇಲಿನ ಸಾಲಿನಲ್ಲಿ ಅದೇ ಮನುಷ್ಯ ಇಬ್ಬರು ಹೆಂಗಸರ ನಡುವೆ ಆರಾಮಾಗಿ ಕೂತಿದ್ದಾನೆ. ಅವನ ಹೆಸರು ಯಾರಿಗೂ ತಿಳಿಯದು. ಮುಖ ಮಳೆಗೆ ಸವೆದುಹೋಗಿದೆ. ಆನೆಯ ಕಣ್ಣು ಮಾತ್ರ ಈಗಲೂ ನಿಚ್ಚಳವಾಗಿದೆ.

ಮಗಳು ಚಿಕ್ಕವಳಿದ್ದಾಗ ನನ್ನ ಗಂಡ ಅವಳಿಗೆ ಅನ್ನ ತಿನ್ನಿಸುತ್ತಾ ಈ ವೀರನ ಕಥೆ ಹೇಳುತ್ತಿದ್ದರು. ಹೇಮಾವತಿಯನ್ನು ಒಂದೇ ನೆಗೆತಕ್ಕೆ ದಾಟಿದ. ಒಂದು ಬೀಸಿಗೆ ಬಿದಿರುಮೆಳೆಯನ್ನೇ ಉರುಳಿಸಿದ. ಒಂದು ದಿನ ಎಡಕುಮೇರಿಯ ಸುರಂಗದೊಳಗೆ ರೈಲಿಗಿಂತ ಮುಂಚೆ ಓಡಿ ಆಚೆ ಬಂದ. ಆ ಕಾಲದಲ್ಲಿ ರೈಲೆಲ್ಲಿತ್ತು ಎಂದು ನಾನು ಅಡುಗೆಮನೆಯಿಂದ ಕೂಗಿದರೆ, "ವೀರ ಬರೋವರ್ಗೂ ಕಾಯ್ಕಂಡಿತ್ತು ಕಣೇ" ಅನ್ನುತ್ತಿದ್ದರು. ಮೇಲಿನ ಸಾಲಿನಲ್ಲಿ ಯಾಕೆ ಕೂತಿದ್ದಾನೆ ಎಂದು ಮಗಳು ಕೇಳಿದ್ದಕ್ಕೆ, ಆನೆಯನ್ನು ಗೆದ್ದು ಬಂದು ಫೋಟೋ ತೆಗೆಸಿಕೊಂಡಿದ್ದಾನೆ ಎಂದಿದ್ದರು. ನಾನು ತಿದ್ದಲು ಹೋಗಲಿಲ್ಲ. ಅಂಥ ಕಲ್ಲುಗಳನ್ನು ಯಾರಿಗಾಗಿ ನಿಲ್ಲಿಸುತ್ತಾರೆ ಎಂಬುದು ದೊಡ್ಡವರಿಗೆ ಗೊತ್ತಿರುವ ಸಂಗತಿ.

ನಮ್ಮ ಮನೆಯಲ್ಲಿ ಒಂದು ಪದ್ಧತಿಯಿದೆ. ಮೇಲಿನ ಬ್ಲಾಕಿನ ಕಾಫಿ ಕೊಯ್ಲು ಶುರುವಾಗುವ ಮುಂಚೆ, ಒಂದು ಹಿಡಿ ಹಣ್ಣು ಆ ಕಲ್ಲಿನ ಮುಂದೆ ಇಡಬೇಕು. ಅಲ್ಲಿಯವರೆಗೆ ಯಾರೂ ಗಿಡಕ್ಕೆ ಕೈಹಾಕುವಂತಿಲ್ಲ. ಮನೆಯ ಗಂಡಸು ಒಬ್ಬನೇ ಹೋಗಬೇಕು, ಹೊಟ್ಟೆಗೆ ಏನೂ ಹಾಕಿಕೊಳ್ಳದೆ. ಅವತ್ತು ಮಂಜು ಕಣದ ಮೇಲೆ ಇನ್ನೂ ಮಲಗಿತ್ತು. ಅವರು ಅರಿಶಿನ, ಕುಂಕುಮ, ಎಣ್ಣೆಯ ಚಿಕ್ಕ ಬಾಟಲಿ ಹಿಡಿದು ಜೀಪು ಹತ್ತಿದರು. ಎಡ ಮೊಣಕಾಲು ನೋಯುತ್ತಿತ್ತೆಂದು ಕಾಣುತ್ತದೆ, ಬಲಗಾಲನ್ನೇ ಮೊದಲು ಎತ್ತಿಟ್ಟರು. ಬಂದ ಮೇಲೆ ಬಿಸಿ ಅಕ್ಕಿರೊಟ್ಟಿ ಎಂದು ನಾನು ಹಿಟ್ಟು ಕಲಸಿಟ್ಟೆ.

ಅವರು ಹೋಗಿ ಸ್ವಲ್ಪ ಹೊತ್ತಿಗೆ ನನ್ನ ಫೋನು ಟಿಣ್ ಎಂದಿತು. ಆನೆ ಎಲ್ಲಿದೆ ಎಂದು ತಿಳಿಸುವ ನಮ್ಮ ಕಡೆಯ ಗುಂಪಿನ ಸಂದೇಶ. ಒಂಟಿ ಸಲಗ ರಾತ್ರಿ ಹಾನುಬಾಳಿನ ರಸ್ತೆ ದಾಟಿದೆ, ಈ ಭಾಗದವರು ಎಚ್ಚರವಾಗಿರಿ. ಇಂಥವು ದಿನಾ ಬರುತ್ತವೆ. ಹಾಲಿನ ಪ್ಯಾಕೆಟ್ಟಿನ ಮೇಲಿನ ಬರಹದಂತೆ ನೋಡಿಯೂ ನೋಡದೆ ಬಿಡುವುದು ರೂಢಿಯಾಗಿದೆ. ಆದರೂ ಅವರಿಗೊಂದು ಫೋನು ಮಾಡಿದೆ. ಪೂರ್ತಿ ರಿಂಗಾಗಿ ನಿಂತಿತು. ಪೂಜೆಯಲ್ಲಿರಬೇಕು ಎಂದುಕೊಂಡೆ.

ಹಿಂಬಾಗಿಲಲ್ಲಿ ನಮ್ಮ ಎಸ್ಟೇಟಿನ ರೈಟರ್ ಬಂದು ನಿಂತರು. ಲೈನಿನ ಮನೆಗಳಲ್ಲಿರುವ ಕೂಲಿಯವರ ಹಾಜರಿ, ಲೆಕ್ಕ ಎಲ್ಲ ನೋಡುವವರು. ಯಾವಾಗಲೂ ಕೆಮ್ಮಿ ಮಾತಾಡುವವರು ಅವತ್ತು ಕೆಮ್ಮಲಿಲ್ಲ.

"ಅಮ್ಮಾ, ಯಜಮಾನ್ರು ಬಂದ್ರಾ?"

"ಇಲ್ವಲ್ಲ, ಕಲ್ಲಿನ ಹತ್ರ ಹೋದ್ರು."

"ಅದೇ ಕಣ್ರೀ ಎಡವಟ್ಟಾಗಿರೋದು. ಸಲಗ ಅಲ್ಲೇ ಐತೆ, ಹಲಸಿನ ಮರದ ಕೆಳಗೆ. ಲೈನಿನೋರ್ನೆಲ್ಲ ಒಳಗೆ ಕಳಿಸ್ಬುಟ್ಟೆ. ಜೀಪು ದಾರೀಲಿ ನಿಂತೈತೆ, ಯಜಮಾನ್ರು ಎಲ್ಲೂ ಕಾಣ್ತಿಲ್ಲ. ಫಾರೆಸ್ಟ್‌ನೋರಿಗೆ ಹೇಳಿವ್ನಿ, ಬತ್ತಾವ್ರೆ."

ನನ್ನ ಕೈ ಆಗಲೇ ಫೋನಿನ ಮೇಲಿತ್ತು. ಅವರು ಎರಡೂ ಕೈ ಅಡ್ಡ ಚಾಚಿದರು.

"ಅಯ್ಯೋ, ಬ್ಯಾಡಿ ಕಣಮ್ಮಾ! ಎಲ್ಲೋ ಗಿಡದ ಮರೇಲಿ ಉಸುರು ಬಿಗಿಹಿಡ್ದು ಕೂತಿರ್ತಾರೆ. ಜೇಬಲ್ಲಿ ರಿಂಗಾದ್ರೆ ಅದು ಸೀದಾ ಅಲ್ಲಿಗೇ ಬತ್ತದೆ. ದಮ್ಮಯ್ಯ, ಮಾಡ್ಬ್ಯಾಡಿ."

ನನ್ನ ಗಂಡನ ಫೋನಿನ ರಿಂಗು ನಾದಸ್ವರ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಯಂತ್ರದ ಪಕ್ಕ ವರ್ಷಗಟ್ಟಲೆ ನಿಂತು ಅವರ ಎಡಗಿವಿ ಮಂದ, ಅದಕ್ಕೇ ಸದ್ದನ್ನು ಪೂರ್ತಿ ಏರಿಸಿಟ್ಟಿರುತ್ತಾರೆ. ಅದು ಮೊಳಗಿದರೆ ಮದುವೆಮನೆಯ ಬಾಗಿಲಲ್ಲಿ ನಿಂತ ಹಾಗಾಗುತ್ತದೆ. ಆ ನಾದಸ್ವರವನ್ನು ನಾನು ಆಗಲೇ ಒಮ್ಮೆ ಪೂರ್ತಿ ನುಡಿಸಿಬಿಟ್ಟಿದ್ದೆ.

ರೈಟರ್ ಗೇಟಿನ ಕಡೆ ಹೋದರು. ನಾನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ ಮಗಳ ಎದುರು ಕೂತೆ. ಬೇರೇನು ಮಾಡುವುದೆಂದು ತಿಳಿಯಲಿಲ್ಲ. ಅವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿ, ಬೇರೆ ಯಾವುದೋ ಮಾತಿನ ನಡುವಿನಿಂದ ಎತ್ತಿಕೊಂಡವಳಂತೆ ಶುರುಮಾಡಿದಳು.

"ಅಮ್ಮಾ, ಹೊಳೆ ಒಂದೇ ನೆಗೆತಕ್ಕೆ ದಾಟ್ದ ಅಂದ್ರೆ ಮಾಂಕ್ ಕ್ಲಾಸ್ ಆಗ್ಬೇಕು, ಬರಿಗೈಲಿ ಹಾರಿ ಹೊಡೆದಾಡೋ ಸನ್ಯಾಸಿ. ಆದ್ರೆ ಬಿದಿರುಮೆಳೆ ಕಡೀಬೇಕು ಅಂದ್ರೆ ಫೈಟರ್."

"ಎರಡೂ ಕೊಡು."

"ಎರಡೂ ಕೊಟ್ರೆ ಎರಡೂ ಅರ್ಧಂಬರ್ಧ ಆಗುತ್ತೆ. ಇದೇನು ನೀನು ಮಾಡೋ ಬಿಸಿಬೇಳೆಬಾತಾ, ಇರೋದೆಲ್ಲ ಹಾಕಕ್ಕೆ?"

"ಹಂಗಾದ್ರೆ ರೇಂಜರ್ ಮಾಡು. ಕಾಡು ಗೊತ್ತಿರುತ್ತೆ, ಪ್ರಾಣಿ ಎಲ್ಲಿದೆ ಅಂತ ವಾಸನೆಯಲ್ಲೇ ತಿಳಿಯುತ್ತೆ."

ಅವಳು ನನ್ನ ಮುಖ ನೋಡಿ ರೇಂಜರ್ ಎಂದು ಬರೆದಳು. ಆಮೇಲೆ ಅಳಿಸಿದಳು. ಅಳಿಸುವ ರಬ್ಬರಿನ ಪುಡಿಯನ್ನು ಕಿರುಬೆರಳಿನಿಂದ ಒಂದೆಡೆ ಗುಡ್ಡೆ ಮಾಡಿದಳು. ಅವಳ ಅಪ್ಪ ಊಟ ಮುಗಿದ ಮೇಲೆ ಮೇಜಿನ ಅನ್ನದಗಳುಗಳನ್ನು ಮಾಡುವುದೂ ಹೀಗೆಯೇ.

ಅವಳು ತುಂಬುತ್ತಿದ್ದ ಪಾತ್ರದ ಹಾಳೆಯಲ್ಲಿ ಆರು ಮನೆಗಳಿದ್ದವು. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಅಂಕಗಳು ಇಷ್ಟೇ ಎಂದು ನಿಗದಿ, ಅವನ್ನೇ ಆರಕ್ಕೂ ಹಂಚಬೇಕು. ಒಂದು ಕಡೆ ಏರಿಸಿದರೆ ಇನ್ನೊಂದು ಕಡೆ ಇಳಿಸಬೇಕು. ಇದು ನನಗೆ ಬೇಗ ಅರ್ಥವಾಯಿತು. ಸಂಸಾರ ನಡೆಸುವವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.

"ವರ್ಚಸ್ಸು ಯಾಕೆ ಅಷ್ಟು? ಆನೆಗೆ ವರ್ಚಸ್ಸು ತೋರಿಸ್ತಾನಾ? ಅದನ್ನ ತೆಗೆದು ತಾಳಿಕೆಗೆ ಹಾಕು."

ಹಾಕಿದಳು.

"ಬಲಾನೂ ಇನ್ನೊಂಚೂರು ಹಾಕು. ಚುರುಕು ಕಮ್ಮಿ ಮಾಡಿದ್ರೂ ಪರವಾಗಿಲ್ಲ, ಮೊಣಕಾಲು ನೋವಿರೋರು ಎಷ್ಟು ಅಂತ ಓಡ್ತಾರೆ."

ಪೆನ್ಸಿಲು ನಿಂತಿತು.

"ವೀರಂಗೆ ಎಲ್ಲಿಂದ ಬಂತಮ್ಮ ಮೊಣಕಾಲು ನೋವು?"

ನಾನು ರಬ್ಬರನ್ನು ಅವಳ ಕಡೆ ಸರಿಸಿದೆ. ಅವಳು ಚುರುಕಿನ ಮನೆಯಲ್ಲಿದ್ದ ಅಂಕಿಯನ್ನು ಮೆಲ್ಲಗೆ ಅಳಿಸಿ ಚಿಕ್ಕದೊಂದನ್ನು ಬರೆದಳು. ಆಮೇಲೆ ತಾನಾಗಿಯೇ, "ಕಿವೀನೂ ಒಂದು ಕಡೆ ಮಂದ" ಎಂದು ಅಂಚಿನಲ್ಲಿ ಸೇರಿಸಿದಳು.

ಹೊರಗೆ ತೋಟ ಬಹಳ ಸುಮ್ಮನಿತ್ತು. ಕೊಯ್ಲಿನ ಕಾಲದಲ್ಲಿ ಹಾಗಿರುವುದಿಲ್ಲ. ಬಕೆಟ್ಟಿನ ಸದ್ದು, ಲೈನಿನ ಹೆಂಗಸರ ನಗು, ಯಾರದೋ ರೇಡಿಯೋ ಇರುತ್ತದೆ. ನಮ್ಮ ನಾಯಿ ಕೂಡ ಮೆಟ್ಟಿಲ ಕೆಳಗೆ ಮೂತಿ ಹುದುಗಿಸಿತ್ತು. ನಾನು ಓದಿದ್ದು ಸಿಸ್ಟರುಗಳ ಶಾಲೆಯಲ್ಲಿ. ಗಾಬರಿಯಾದಾಗ ನನ್ನ ಬಾಯಿಗೆ ಮೊದಲು ಬರುವುದು ಅಲ್ಲಿ ಮಂಡಿಯೂರಿ ಹೇಳಿದ ಪ್ರಾರ್ಥನೆ, ಆಮೇಲೆ ಮನೆದೇವರು. ಅವತ್ತು ಎರಡೂ ಒಂದರೊಳಗೊಂದು ಸಿಕ್ಕಿಕೊಂಡು, ಯಾವುದನ್ನೂ ಕೊನೆ ಮುಟ್ಟಿಸಲಾಗಲಿಲ್ಲ. ಕಲಸಿಟ್ಟ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹಾಕಲು ಎದ್ದೆ. ಬಟ್ಟೆ ಆಗಲೇ ಹಾಕಿತ್ತು. ಮತ್ತೆ ಬಂದು ಕೂತೆ.

ಫೋನನ್ನು ಮಗುಚಿ ನೋಡಿದೆ. ಅವರ ಹೆಸರು ಪಟ್ಟಿಯ ಮೇಲೇ ಇತ್ತು, ಬೆರಳು ತಾಗಿದರೆ ಸಾಕು. ಮದುವೆಯಾದಂದಿನಿಂದ ಅವರು ಊಟಕ್ಕೆ ತಡವಾದರೆ ನಾನು ಮಾಡುವುದು ಅದೊಂದೇ, ಕರೆಯುವುದು. ಮೊದಲು ಅಂಗಳದಂಚಿಗೆ ನಿಂತು ಕೂಗುತ್ತಿದ್ದೆ, ಆಮೇಲೆ ಫೋನು. ಅವತ್ತು ಅದೂ ಸಲ್ಲದು. ಮೊಬೈಲನ್ನು ಒಯ್ದು ಅಕ್ಕಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದೆ. ನನ್ನ ಬೆರಳಿನ ಮೇಲೆ ನನಗೆ ನಂಬಿಕೆಯಿರಲಿಲ್ಲ.

"ಅಮ್ಮಾ, ಒಂದು ಕೇಳ್ಲಾ?" ಮಗಳು ತಲೆ ಎತ್ತದೆ ಕೇಳಿದಳು. "ಆ ಕಲ್ಲಲ್ಲಿ ನಿಜವಾಗ್ಲೂ ಗೆದ್ದಿದ್ದು ಯಾರು?"

"ಅಪ್ಪ ಹೇಳಿದಾರಲ್ಲ."

"ಅಪ್ಪ ರೈಲಿನ ಕಥೇನೂ ಹೇಳಿದಾರೆ."

ಅವಳಿಗೆ ಗೊತ್ತಿತ್ತು. ಯಾವಾಗ ಗೊತ್ತಾಯಿತೋ, ಶಾಲೆಯಲ್ಲಿ ಯಾರು ಹೇಳಿಕೊಟ್ಟರೋ. ಅವಳ ನೆತ್ತಿಯ ಬೈತಲೆ ಅವತ್ತು ಸೊಟ್ಟಗಿತ್ತು. ಅದನ್ನೇ ನೋಡುತ್ತಾ ಕೂತೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿಜ ಹೇಳಲು ಅದು ಹೊತ್ತಲ್ಲ.

ಅವಳು ನೀಲಿ ದಾಳವನ್ನು ನನ್ನ ಕಡೆ ತಳ್ಳಿದಳು. "ಆಟದಲ್ಲಿ ಪರೀಕ್ಷೆ ಮಾಡಿ ನೋಡ್ಬಹುದು. ಆನೆ ಮುಂದೆ ನಿಲ್ಲಿಸಿ ದಾಳ ಹಾಕಿದ್ರೆ ಗೊತ್ತಾಗುತ್ತೆ. ದೊಡ್ಡದು ಬಿದ್ರೆ ತಪ್ಪಿಸ್ಕೋತಾನೆ. ನಾನು ಹಾಕಲ್ಲ. ನೀನು ಹಾಕು."

"ನಂಗೆ ಬರಲ್ಲ ಪುಟ್ಟಿ."

"ಬರೋದೇನಿದೆ ಅದ್ರಲ್ಲಿ? ಕೈ ಬಿಡೋದು, ಅಷ್ಟೇ."

ದಾಳವನ್ನು ತೆಗೆದುಕೊಂಡೆ. ನೆಲ್ಲಿಕಾಯಷ್ಟು ಚಿಕ್ಕದು, ಮೂಲೆಗಳು ಅಂಗೈಗೆ ಚುಚ್ಚುತ್ತವೆ. ಅದು ಬರೀ ಪ್ಲಾಸ್ಟಿಕ್ಕು, ಮಕ್ಕಳ ಆಟದ್ದು. ಮೇಜಿನ ಮೇಲೆ ಏನು ಬಿದ್ದರೂ ಮೇಲಿನ ಬ್ಲಾಕಿನಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲ. ಇದೆಲ್ಲ ಗೊತ್ತಿದ್ದೂ ಮುಷ್ಟಿ ಬಿಡಿಸಲಾಗಲಿಲ್ಲ. ಮುಷ್ಟಿಯನ್ನು ಸೆರಗಿನೊಳಗಿಟ್ಟುಕೊಂಡು ಹಾಗೇ ಕೂತೆ. ಮಗಳೂ ಒತ್ತಾಯ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಬಂದು, ಚಿಕ್ಕವಳಿದ್ದಾಗಿನಂತೆ ತೋಳಿಗೆ ತಲೆ ಒರಗಿಸಿದಳು.

ಬಿಸಿಲೇರಿ ಮಂಜು ಕರಗಿದ ಮೇಲೆ ಮೇಲಿನಿಂದ ಫಾರೆಸ್ಟಿನವರು ಆನೆ ಓಡಿಸುವ ಪಟಾಕಿಯ ಸದ್ದು ಕೇಳಿತು. ಒಂದು, ಆಮೇಲೆ ಸರಣಿ. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ ಹೊತ್ತು ಎಷ್ಟು ಉದ್ದವಿತ್ತೋ ನನಗೆ ಈಗಲೂ ಹೇಳಲು ಬರದು. ಕೊನೆಗೆ ತಿರುವಿನಲ್ಲಿ ಹಾರ್ನು. ಗೇಟು ತೆಗೆಯಲೆಂದು ಅವರು ಯಾವಾಗಲೂ ಹೊಡೆಯುವ ಹಾರ್ನು, ಒಂದು ಉದ್ದ, ಒಂದು ಗಿಡ್ಡ.

ಜೀಪಿನ ಒಂದು ಬದಿಯ ಕನ್ನಡಿ ಕಿತ್ತು ತಂತಿಯಲ್ಲಿ ನೇತಾಡುತ್ತಿತ್ತು. ಅವರು ಬರಿಗಾಲಲ್ಲಿ ಇಳಿದರು. ಮೊಣಕಾಲಿನವರೆಗೆ ಪಾಚಿ. ಹಣೆಯ ಮೇಲೆ ಕಲ್ಲಿಗೆ ಹಚ್ಚಿ ಉಳಿದ ಕುಂಕುಮ. ನಾನು ಮೆಟ್ಟಿಲಿಳಿದೆ, ಆದರೆ ಹತ್ತಿರ ಹೋಗಿ ಏನು ಮಾಡಬೇಕೆಂದು ತಿಳಿಯದೆ ನಿಂತೆ. ರೈಟರ್ ಅಲ್ಲೇ ಇದ್ದರು.

"ಹೊಟ್ಟೆ ಹಸೀತೈತೆ ಕಣೇ," ಅಂದರು. "ರೊಟ್ಟಿ ತಟ್ಟಿದ್ಯಾ ಇಲ್ವಾ?"

ರೊಟ್ಟಿ ತಟ್ಟುವಾಗ ಹೇಳಿದರು, ಬೇರೆ ಯಾರದೋ ಸುದ್ದಿಯಂತೆ. ಪೂಜೆ ಮುಗಿಸಿ ತಿರುಗಿದರೆ ಮರದ ಕೆಳಗೆ ಅದು ನಿಂತಿತ್ತಂತೆ. ಓಡಲು ಕಾಲಿಲ್ಲ. ಅಲುಗಾಡದೆ ನಿಂತರಂತೆ. ಅಷ್ಟರಲ್ಲಿ ದಾರಿಯಲ್ಲಿ ನಾದಸ್ವರ.

"ಫೋನು ನಿಮ್ಮ ಜೇಬಲ್ಲಿ ಇರ್ಲಿಲ್ವಾ?"

"ಕಲ್ಲಿನ ತಾವ ಚಪ್ಪಲೀನೇ ಒಯ್ಯಲ್ಲ, ಫೋನ್ ಒಯ್ತೀನಾ ಮಾರಾಯ್ತಿ? ಎರಡೂ ಜೀಪಲ್ಲಿದ್ವು. ಅದು ಜೀಪಿನ ಕಡೆ ತಿರುಗ್ತು. ನಾನು ನೀರಿನ ಟ್ಯಾಂಕ್ ಹತ್ತಿ ಕೂತೆ."

"ಅಷ್ಟು ಹೊತ್ತು ಏನ್ ಮಾಡಿದ್ರಿ?"

"ಏನ್ ಮಾಡಾದು? ಕೂತಿದ್ದೆ. ಅದು ಹೋಗ್ಲಿ ಅಂತ ನಾನು, ಇವ್ನು ಇಳೀಲಿ ಅಂತ ಅದು."

ಕಾವಲಿಯ ಮೇಲೆ ರೊಟ್ಟಿ ಸೀದಿತು. ಆ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಏನೂ ತಿಳಿಯದೆ ನಾನು ಮಾಡಿದ ಒಂದು ಕರೆ ಅವರಿಗೆ ಟ್ಯಾಂಕು ಹತ್ತಲು ಹೊತ್ತು ಕೊಟ್ಟಿತ್ತು. ಆ ಫೋನು ಜೀಪಿನ ಬದಲು ಜೇಬಿನಲ್ಲಿದ್ದಿದ್ದರೆ ಅದೇ ಕರೆ ಏನಾಗುತ್ತಿತ್ತೋ. ಸಂತೋಷಪಡಬೇಕೋ, ಹೆದರಬೇಕೋ ಗೊತ್ತಾಗಲಿಲ್ಲ. ಎಡಗೈ ಮುಷ್ಟಿ ಇನ್ನೂ ಬಿಗಿದೇ ಇತ್ತು. ಬಿಡಿಸಿ ನೋಡಿದರೆ ಅಂಗೈಯಲ್ಲಿ ದಾಳ, ಅದರ ಮೂಲೆಗಳ ಗುರುತು.

ಊಟದ ಮೇಜಿನಲ್ಲಿ ಅವರು ಕನ್ನಡಕ ಹಾಕಿಕೊಂಡು ಮಗಳ ಹಾಳೆ ಓದಿದರು.

"ಇದ್ಯಾವ ವೀರನೇ? ಚುರುಕು ಇಷ್ಟೇನಾ? ಕಿವಿ ಬೇರೆ ಮಂದ! ಇವ್ನು ಯುದ್ಧಕ್ಕೆ ಹೋಗೋದಾ, ಡಾಕ್ಟರ್ ಶಾಪಿಗೆ ಹೋಗೋದಾ?"

"ಅಮ್ಮ ಹೇಳಿದ್ದು," ಎಂದಳು ಮಗಳು.

"ಮತ್ತೆ ಕ್ಲಾಸ್ ಅಂತಿರೋ ಕಡೆ ಖಾಲಿ ಐತಲ್ಲ?"

"ಟ್ಯಾಂಕ್ ಮೇಲೆ ಕೂತ್ಕೊಳ್ಳೋ ಕ್ಲಾಸ್ ಯಾವ್ದೂ ಇಲ್ಲ ಅಪ್ಪ. ಹುಡುಕಿ ನೋಡಿದೆ."

ಅವರು ಜೋರಾಗಿ ನಕ್ಕರು. ಮಗಳೂ ನಕ್ಕಳು. ನಗುತ್ತಲೇ ಎದ್ದು ಬಚ್ಚಲಿಗೆ ಹೋದಳು, ಬರುವಾಗ ಮುಖ ತೊಳೆದುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಮತ್ತೆ ಸಂದೇಶ ಬಂತು. ಸಲಗ ಪಕ್ಕದ ತೋಟದಲ್ಲೇ ಇದೆ. ನಾನು ಓದಿ ಹೇಳಿದೆ. ಅವರು ಬೂಟಿನ ದಾರ ಕಟ್ಟುತ್ತಿದ್ದರು.

"ಇವತ್ತೊಂದಿನ ಬೇಡ್ವಾ?"

"ಹಣ್ಣು ಗಿಡದಲ್ಲೇ ಒಣಗಿ ಉದುರ್ತೈತೆ ಕಣೇ. ಎಷ್ಟು ದಿನ ಅಂತ ಕೂರಾಣ?"

ಲೈನಿನವರೂ ಅಷ್ಟೊತ್ತಿಗೆ ಬಕೆಟ್ಟು ಹಿಡಿದು ಕಣದ ಅಂಚಿನಲ್ಲಿ ನಿಂತಿದ್ದರು, ಅವರ ಮನೆಯವರೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವತ್ತು ಪೂಜೆಯಿಲ್ಲ, ಫೋನು ಅವರ ಜೇಬಿನಲ್ಲೇ ಹೋಗಬೇಕು. ಚಾರ್ಜಿನಿಂದ ಅದನ್ನು ತೆಗೆದೆ. ಪಕ್ಕದ ಗುಂಡಿಯನ್ನು ಒತ್ತಿ ಹಿಡಿದು ನಾದಸ್ವರವನ್ನು ಇಳಿಸುತ್ತಾ ಹೋದೆ, ಪೂರ್ತಿ ಇಲ್ಲವಾಗುವವರೆಗೆ. ನನ್ನ ಫೋನಿನಿಂದ ಒಮ್ಮೆ ಕರೆಮಾಡಿ ನೋಡಿದೆ. ಅವರ ಫೋನಿನ ಗಾಜಿನ ಮೇಲೆ ನನ್ನ ಹೆಸರು ಮಿನುಗಿತು. ಸದ್ದಿಲ್ಲ, ನಡುಕವೂ ಇಲ್ಲ.

ಅದನ್ನು ಅವರ ಅಂಗಿಯ ಜೇಬಿಗೆ ನಾನೇ ಇಟ್ಟು ಗುಂಡಿ ಹಾಕಿದೆ.